ವೈನಿಗೊಂದು ಚಂದ್ರಕಾಳಿ

ಎಲ್ಲರಿಗೂ ನಮಸ್ಕಾರ. ಉಡುಗೊರೆ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಒಂದೇ ಒಂದು ಉಡುಗೊರೆಯ ಕಥೆ ಹೇಳುತ್ತೇನೆ. ಅದನ್ನು ಕೊಟ್ಟಾಗ ಆದಷ್ಟು ಖುಷಿ ನನಗೆ ಏನನ್ನಾದರೂ ತಗೊಂಡಾಗ ಯಾವತ್ತೂ ಆಗಿಲ್ಲ.

ಧಾರವಾಡದ ನಮ್ಮ ಓಣಿಯಲ್ಲಿ ಒಬ್ಬರು ವೈನಿ ಇದ್ದಾರೆ. ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತೇವೆ, ಓಣಿಯ ಹಿರಿಯರನ್ನೂ ಹಾಗೇ ಕರೆಯುತ್ತೇವೆ. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ಗೆಳತಿ. ಇನ್ನೊಬ್ಬರ ಮನೆ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಅಲ್ವಾ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ನಾನು ಸಕ್ಕರೆ ಹಾಕಿ ಕೊಟ್ಟರೆ ಮರುದಿನ ಅದೇ ಡಬ್ಬಿಯಲ್ಲಿ ಚಕ್ಕುಲಿ ಬರುತ್ತಿತ್ತು. ಚಕ್ಕುಲಿಗೆ ಬದಲು ಉಂಡಿ ಮಾಡಿ ಕೊಟ್ಟರೆ ಎರಡು ಡಬ್ಬಿ ಬರುತ್ತಿದ್ದವು. ಅವರ ಜೊತೆ ಲೆಕ್ಕ ಸಮ ಮಾಡುವುದು ಆಗುವ ಮಾತಲ್ಲ.

ಮುಯ್ಯಿ ಅನ್ನುವ ಮಾತನ್ನೇ ನೋಡಿ. ಮದುವೆಯಲ್ಲಿ ಕೊಡುವುದೂ ಮುಯ್ಯಿ, ಸೇಡು ತೀರಿಸಿಕೊಳ್ಳುವುದೂ ಮುಯ್ಯಿ. ಎರಡಕ್ಕೂ ಲೆಕ್ಕ ಇದೆ. ಯಾರು ಎಷ್ಟು ಆಹೇರ ಮಾಡಿದರು ಅಂತ ಬರೆದುಕೊಳ್ಳಲು ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ, ನಾಳೆ ಅವರ ಮನೆ ಕಾರ್ಯಕ್ಕೆ ಅಷ್ಟನ್ನಾದರೂ ತಿರುಗಿಸಬೇಕು. ಇದನ್ನು ನಾನು ಕೆಟ್ಟದ್ದು ಅನ್ನುವುದಿಲ್ಲ, ಕೈಯಲ್ಲಿ ಕಾಸಿಲ್ಲದ ಎಷ್ಟೋ ಮನೆಗಳ ಮದುವೆಗೆ ಆಸರೆಯಾಗಿದ್ದೇ ಈ ಮುಯ್ಯಿ. ಆದರೆ ಕೊಡುಗೈ ಇರುವವರ ಹತ್ತಿರ ಆ ನೋಟ್‌ಬುಕ್ಕೇ ಇರುವುದಿಲ್ಲ. ಕೊಟ್ಟಿದ್ದನ್ನು ಅವರು ಮರೆತಿರುತ್ತಾರೆ, ನಾವು ಮರೆಯಲಾರೆವು.

ವೈನಿ ನಮಗೆಲ್ಲ ಜಾಸ್ತಿ ಕೊಟ್ಟಿದ್ದು ಕಸೂತಿ. ಕರಿ ಇಳಕಲ್ ಸೀರೆ ಮೇಲೆ ಕಸೂತಿ ಹಾಕಿದರೆ ಅದು ಚಂದ್ರಕಾಳಿ, ಮದುವೆಯಾಗುವ ಹುಡುಗಿಗೆ ಕೊಡುವ ಸೀರೆ. ಓಣಿಯ ಹುಡುಗಿಯರ ಚಂದ್ರಕಾಳಿಗಳೆಲ್ಲ ವೈನಿಯ ಕೈಯವೇ, ನನ್ನ ಮಗಳದ್ದೂ. ಕಸೂತಿಗೆ ಬಟ್ಟೆ ಮೇಲೆ ಮೊದಲು ಗೆರೆ ಹಾಕಿಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು, ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಗವಂತಿ, ಮುರ್ಗಿ, ನೇಗಿ, ಮೆಂಥಿ ಅಂತ ನಾಲ್ಕು ಹೊಲಿಗೆ. ಗವಂತಿ, ಮುರ್ಗಿ ಹಾಕಿದರೆ ಸೀರೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯ ಒಳಗೇ ಸೇರಿಸಿಬಿಡಬೇಕು.

ಇಷ್ಟು ಮಾಡಿದ ವೈನಿಯ ಹತ್ತಿರ ತನ್ನದು ಅಂತ ಒಂದೂ ಕಸೂತಿ ಸೀರೆ ಇರಲಿಲ್ಲ. ಅವರ ಮದುವೆ ಹೊತ್ತಿಗೆ ಹಾಕಿಕೊಡುವವರು ಯಾರೂ ಇರಲಿಲ್ಲವಂತೆ. ಆಮೇಲೆ ಎಲ್ಲರಿಗೂ ಹಾಕುತ್ತಾ ಹೋದರು. ಒಂದು ದಿನ ಕೇಳಿದೆ. "ನನಗ್ಯಾಕ ತಗೀ, ಈಗಂತೂ ಎಳಿ ಎಣಸಾಕ ಕಣ್ಣ ಸಾಲೂದಿಲ್ಲ" ಅಂದರು. ಆ ಮಾತು ರಾತ್ರಿ ನಿದ್ದೆ ಬಿಡಿಸಿತು.

ಕುಚೇಲನ ಕಥೆ ಅಂದರೆ ಎಲ್ಲರಿಗೂ ಕೊನೆಯಲ್ಲಿ ಸಿಗುವ ಅರಮನೆ ನೆನಪಾಗುತ್ತದೆ. ನನಗೆ ಆ ಗಂಟು ನೆನಪಾಗುತ್ತದೆ. ಹೆಂಡತಿ ಅಕ್ಕಪಕ್ಕದಲ್ಲಿ ಬೇಡಿ ತಂದು ಹರಕು ಬಟ್ಟೆಯಲ್ಲಿ ಕಟ್ಟಿಕೊಟ್ಟ ನಾಲ್ಕು ಹಿಡಿ ಅವಲಕ್ಕಿ. ಕುಚೇಲ ನಾಚಿಕೊಂಡು ಕೊಡುವುದೇ ಇಲ್ಲ, ಕೃಷ್ಣನೇ ಕಿತ್ತುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾನೆ. ದ್ವಾರಕೆಗೆ ಬರುವವರೆಲ್ಲ ಕೇಳಲು ಬರುವವರು, ಅವನಿಗೇ ಅಂತ ಮನೆಯಿಂದ ಏನಾದರೂ ಕಟ್ಟಿಕೊಂಡು ಬರುವವರು ಯಾರು? ಕೊಡುವವರಿಗೂ ಆ ಹಸಿವು ಇರುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

ನಾವು ಆರು ಜನ ಸೇರಿದೆವು. ಒಬ್ಬಳು ಹುಡುಗಿಯಾಗಿದ್ದಾಗ ವೈನಿಯ ಹತ್ತಿರವೇ ಕಲಿತವಳು, ಅವಳೇ ಉಳಿದ ಐವರಿಗೆ ಗುರು. ಇಳಕಲ್‌ಗೇ ಹೋಗಿ ಕರಿ ಸೀರೆ ತಂದೆವು. ಮೈ ಹತ್ತಿಯದು, ಸೆರಗು ಕೆಂಪು ರೇಷ್ಮೆ, ಎರಡರ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸಿ ನೇಯ್ದದ್ದು. ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು, ಆನೆ, ತುಳಸಿಕಟ್ಟೆ. ದೂರ ಹೋದ ಹಾಗೆ ಚಿಕ್ಕ ಚಿಕ್ಕ ಚಿತ್ತಾರ. ಬರೀ ಗವಂತಿ, ಮುರ್ಗಿ ಹಾಕೋಣ ಅಂತ ಮಾತಾಯಿತು, ಯಾಕೆಂದರೆ ವೈನಿ ಮೊದಲು ನೋಡುವುದೇ ಹಿಂಬದಿ. ಕರಿ ಬಟ್ಟೆಯಲ್ಲಿ ಎಳೆ ಕಾಣಬೇಕಾದರೆ ಮಧ್ಯಾಹ್ನದ ಬಿಸಿಲೇ ಬೇಕು. ಹಾಗಾಗಿ ಊಟ ಮುಗಿಸಿ ನಮ್ಮ ಪಡಸಾಲೆಯಲ್ಲಿ ಕೂರುತ್ತಿದ್ದೆವು. ಎಂಟು ತಿಂಗಳು ಹಿಡಿಯಿತು.

ಒಂದು ದಿನ ವೈನಿ ಹೇಳದೆ ಕೇಳದೆ ಬಂದುಬಿಟ್ಟರು. ಸೀರೆ ಮಡಚಲು ಹೊತ್ತಿಲ್ಲ, ಮೇಲೆ ಕೌದಿ ಎಳೆದೆವು. ಅವರು ಸೀದಾ ಬಂದು ಆ ಕೌದಿ ಮೇಲೆಯೇ ಕೂತು ಚಹಾ ಕುಡಿದು, ಅರ್ಧ ತಾಸು ಮಾತಾಡಿ, ಎದ್ದು ಹೋದರು. ಆ ಅರ್ಧ ತಾಸಿನಲ್ಲಿ ನಾವು ಆರೂ ಜನ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದು, ಅವರು ಗೇಟು ದಾಟಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು, ಅದೆಲ್ಲ ಈ ಉಡುಗೊರೆಯಲ್ಲಿ ನಮ್ಮ ಪಾಲಿಗೆ ಬಂದದ್ದು. ಅಚ್ಚರಿ ಕೊಡುವುದರ ಸುಖ ಮುಕ್ಕಾಲು ಪಾಲು ಮುಚ್ಚಿಟ್ಟುಕೊಳ್ಳುವ ದಿನಗಳಲ್ಲೇ ಇದೆ. ಎಂಟು ತಿಂಗಳು ದಿನಾ ಅವರನ್ನೇ ನೆನೆಸಿಕೊಂಡು ಇದ್ದೆವಲ್ಲ, ಗೆಳತಿಯರನ್ನು ನಾವು ಬೇರೆ ಯಾವಾಗ ಅಷ್ಟು ನೆನೆಯುತ್ತೇವೆ ಹೇಳಿ?

ಕೊಡಲು ಹಬ್ಬ ಬೇಡ ಅಂದೆ ನಾನು. ದೀಪಾವಳಿಗೆ ಕೊಟ್ಟರೆ ಅವರ ಕಪಾಟಿನಲ್ಲಿ ನಮಗೆ ಆರು ಕುಪ್ಪಸದ ಬಟ್ಟೆ ರೆಡಿ ಇರುತ್ತವೆ. ತಿರುಗಿ ಕೊಡಲು ಸಮಯವೇ ಸಿಗಬಾರದು. ಸುಮ್ನೆ ಒಂದು ಮಂಗಳವಾರ ಹೋದೆವು. ಅವರು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಕೈ ತೊಳೆದುಕೊಂಡು ಬಂದು ಸೀರೆ ಬಿಚ್ಚಿದರು.

"ಭಾಳ ಛಂದ ಆಗೇದ. ಯಾರ ಮದುವಿಗೆ?"

"ನಿಮಗ, ವೈನಿ."

ಅವರು ಮಾತಾಡಲಿಲ್ಲ. ಕೊಡುವವರಿಗೆ ತಗೊಳ್ಳುವ ರೂಢಿ ಇರುವುದಿಲ್ಲ, ಕೈ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ ಅವರಿಗೆ. ಸೀರೆಯನ್ನು ತೊಡೆ ಮೇಲಿಟ್ಟುಕೊಂಡರು, ತೆಗೆದರು, ಮತ್ತೆ ಇಟ್ಟುಕೊಂಡರು. ಆಮೇಲೆ ಸೆರಗಿನ ಹತ್ತಿರ ತಿರುಗಿಸಿ, ಕಣ್ಣು ಮುಚ್ಚಿ, ಹಿಂಬದಿಯ ಮೇಲೆ ಬೆರಳು ಆಡಿಸಿದರು. ಗೋಪುರ, ತೇರು, ಆನೆ. ತುಳಸಿಕಟ್ಟೆಯ ಮೂಲೆಯಲ್ಲಿ ಬೆರಳು ನಿಂತಿತು.

"ಇಲ್ಲೊಂದು ಗಂಟ ಅದ. ಯಾರದಿದು?"

ನನ್ನದು ಅಂದೆ.

"ನಾಳೆ ಬಾ. ಗಂಟ ಇಲ್ಲದ ಹೆಂಗ ಮುಗಸೂದು ತೋರಸ್ತೀನಿ."

ಮರುದಿನ ಹೋದೆ, ಸೂಜಿ ದಾರ ತಗೊಂಡು.