ಮೂರು ಹಗಲಿನ ಶಿಯಾನ್

ಕೇಳುಗರಿಗೆ ನಮಸ್ಕಾರ.

ಒಂದು ವಾರದ ಮಟ್ಟಿಗೆ ಚೀನಾ ನೋಡಿ ಬರೋಣವೆಂದು ಹೊರಡುವವರ ಪಟ್ಟಿಯಲ್ಲಿ ಬೀಜಿಂಗಿನ ಅರಮನೆ, ಮಹಾಗೋಡೆ, ಶಾಂಘೈನ ನದಿದಂಡೆ, ನಡುವೆ ಅರ್ಧ ದಿನ ಮಣ್ಣಿನ ಸೈನಿಕರು, ಹೀಗೆ ಎಲ್ಲವೂ ತುಂಬಿಕೊಂಡಿರುತ್ತವೆ. ಈ ಪಟ್ಟಿ ಹಿಡಿದು ಹೋದವರು ಊರುಗಳಿಗಿಂತ ಹೆಚ್ಚಾಗಿ ರೈಲು ನಿಲ್ದಾಣಗಳನ್ನೇ ನೋಡಿ ಬರುತ್ತಾರೆ. ನನ್ನ ಸಲಹೆ ಒಂದೇ ಊರು, ಮೂರು ಹಗಲು. ಆ ಊರು ಶಿಯಾನ್. ನಕ್ಷೆಗಳಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರದಿಂದ ಶುರುವಾಗುವ ಕಾರಣ ನಮ್ಮ ಪತ್ರಿಕೆಗಳು ಇದನ್ನು ಕ್ಸಿಯಾನ್ ಎಂದು ಬರೆಯುವುದುಂಟು. ಶಾನ್‌ಶಿ ಪ್ರಾಂತದ ರಾಜಧಾನಿಯಾದ ಈ ನಗರದಲ್ಲಿ ಇಂದು ಒಂದು ಕೋಟಿಗೂ ಹೆಚ್ಚು ಜನರಿದ್ದಾರೆ. ಟಾಂಗ್ ಅರಸರ ಕಾಲದಲ್ಲಿ ಚಾಂಗಾನ್ ಎಂಬ ಹೆಸರಿನಿಂದ ಇದು ರೇಷ್ಮೆ ದಾರಿಯ ಪೂರ್ವದ ತುದಿಯಾಗಿತ್ತು. ಗೋಧಿ, ಕುರಿಮಾಂಸ, ಜೀರಿಗೆಗಳು ಇಂದಿಗೂ ಅದರ ಅಡುಗೆಯನ್ನು ಆಳುತ್ತಿವೆ. ಚೀನಾ ಊಟವೆಂದರೆ ಅನ್ನವೆಂದುಕೊಂಡವರಿಗೆ ಇಲ್ಲಿ ಮೊದಲ ದಿನವೇ ಅಚ್ಚರಿ ಕಾದಿರುತ್ತದೆ, ಏಕೆಂದರೆ ಇದು ರೊಟ್ಟಿ ಮತ್ತು ನೂಡಲ್ಸಿನ ಸೀಮೆ.

ಹೊರಡುವ ಮೊದಲಿನ ತಯಾರಿಯನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಭಾರತೀಯರು ವೀಸಾವನ್ನು ಮೊದಲೇ ಪಡೆದಿರಬೇಕು; ಹಲವು ದೇಶದವರಿಗೆ ಚೀನಾ ಕೊಟ್ಟಿರುವ ವೀಸಾರಹಿತ ಪ್ರವೇಶದ ಸೌಲಭ್ಯದ ಪಟ್ಟಿಯಲ್ಲಿ ನಾವಿಲ್ಲ. 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತ ಮತ್ತು ಗ್ವಾಂಗ್‌ಝೌ ನಡುವಿನ ಹಾರಾಟದೊಂದಿಗೆ ಮತ್ತೆ ಆರಂಭವಾದವು. ಚೀನಾದ ಯಾವುದೇ ದೊಡ್ಡ ನಗರದಲ್ಲಿ ಇಳಿದರೂ ಅಲ್ಲಿಂದ ಶಿಯಾನ್‌ಗೆ ವಿಮಾನ ಅಥವಾ ವೇಗದ ರೈಲು ಸಿಗುತ್ತದೆ. ಬೀಜಿಂಗಿನಿಂದ ರೈಲಿನಲ್ಲಿ ಸುಮಾರು ಐದು ಗಂಟೆಯ ದಾರಿ. ರೈಲಿನ ಟಿಕೆಟ್ಟು, ಶಿಯಾನಿನ ಹೊರವಲಯದಲ್ಲಿರುವ ಮಣ್ಣಿನ ಸೈನಿಕರ ಪ್ರತಿಮೆಗಳ ಸಂಗ್ರಹಾಲಯದ ಟಿಕೆಟ್ಟು ಎರಡೂ ಪಾಸ್‌ಪೋರ್ಟ್ ಸಂಖ್ಯೆಗೆ ಅಂಟಿಕೊಂಡಿರುತ್ತವೆ. ಇನಿಷಿಯಲ್ಲುಗಳನ್ನು ಹೊತ್ತ ನಮ್ಮ ಹೆಸರುಗಳು ತೊಡಕಾಗುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಇರುವವರು, ಅರ್ಜಿಯಲ್ಲಿ ಅದನ್ನು ಹೇಗೆ ತುಂಬಬೇಕೆಂದು ವಾರ ಮೊದಲೇ ವಿಚಾರಿಸಿಕೊಂಡರೆ ಗೇಟಿನ ಮುಂದೆ ಪರದಾಡುವುದು ತಪ್ಪುತ್ತದೆ. ಹಣ ಕೊಡುವುದು ಬಹುತೇಕ ಮೊಬೈಲಿನಿಂದಲೇ. ಅಲಿಪೇ ಅಥವಾ ವೀಚಾಟ್‌ಗೆ ನಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಊರಿನಲ್ಲಿರುವಾಗಲೇ ಜೋಡಿಸಿಕೊಳ್ಳಬೇಕು. ಗೂಗಲ್ ನಕ್ಷೆಯನ್ನೂ ವಾಟ್ಸಾಪನ್ನೂ ನಂಬಿ ಹೋಗುವಂತಿಲ್ಲ, ಅಲ್ಲಿನ ಜಾಲದಲ್ಲಿ ಅವನ್ನು ತಡೆಹಿಡಿದಿದ್ದಾರೆ. ಅಕ್ಟೋಬರ್ 1ರಿಂದ ಒಂದು ವಾರ ಇಡೀ ದೇಶಕ್ಕೆ ರಜೆಯಿರುವುದರಿಂದ ಆ ದಿನಗಳನ್ನು ಬಿಟ್ಟು, ಅಕ್ಟೋಬರ್‌ನ ಉತ್ತರಾರ್ಧವನ್ನೋ ಏಪ್ರಿಲ್ ತಿಂಗಳನ್ನೋ ಆರಿಸಿಕೊಳ್ಳಬೇಕು.

ತಂಗುವುದು ಕೋಟೆಯೊಳಗೇ ಇರಲಿ. ಶಿಯಾನಿನ ಕೋಟೆಗೋಡೆ ಮಿಂಗ್ ಅರಸರು 1370ರ ದಶಕದಲ್ಲಿ ಕಟ್ಟಿಸಿದ್ದು, ಸುತ್ತಳತೆ 13.7 ಕಿಲೋಮೀಟರ್, ಎತ್ತರ 12 ಮೀಟರ್, ಮೇಲಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅದರ ಮೇಲೆ ಸೈಕಲ್ಲು ಬಾಡಿಗೆಗೆ ಸಿಗುತ್ತದೆ. ದಕ್ಷಿಣದ ಬಾಗಿಲಿನಲ್ಲಿ ಹತ್ತಿ, ಬೆಳಗಿನ ಬಿಸಿಲೇರುವ ಮೊದಲು ಒಂದು ಸುತ್ತು ಹಾಕಲು ಎರಡು ಗಂಟೆ ಸಾಕು. ಹಾಸಿದ ಇಟ್ಟಿಗೆಗಳ ನಡುವಿನ ಸಂದುಗಳಿಂದಾಗಿ ಕೈಗಳು ಜುಮ್ಮೆನ್ನುತ್ತವೆಯಾದರೂ, ಒಂದು ಬದಿಗೆ ಹಳೆಯ ಊರಿನ ಹೆಂಚು, ಇನ್ನೊಂದು ಬದಿಗೆ ಹೊಸ ಊರಿನ ಗಾಜಿನ ಕಟ್ಟಡಗಳು ಜೊತೆಜೊತೆಯಾಗಿ ಸಾಗುವ ಈ ಸುತ್ತು ಊರಿನ ನಕ್ಷೆಯನ್ನು ತಲೆಯೊಳಗೆ ಕೂರಿಸಿಬಿಡುತ್ತದೆ. ಮೊದಲ ದಿನ ಬೆಳಗ್ಗೆ ಇಷ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ.

ಮಧ್ಯಾಹ್ನದ ಹೊತ್ತಿಗೆ ಊರಿನ ನಡುಮಧ್ಯಕ್ಕೆ ಬಂದರೆ 1384ರ ಗಂಟೆಗೋಪುರವೂ, ಅದಕ್ಕಿಂತ ನಾಲ್ಕು ವರ್ಷ ಹಿರಿದಾದ ನಗಾರಿಗೋಪುರವೂ ಕಾಣುತ್ತವೆ. ನಗಾರಿಗೋಪುರದ ಕಮಾನು ದಾಟಿದೊಡನೆ ಹುಯಿ ಮುಸಲ್ಮಾನರ ಬೀದಿಗಳು ಆರಂಭವಾಗುತ್ತವೆ. ಮುಖ್ಯ ಬೀದಿ ಪ್ರವಾಸಿಗರಿಗಾಗಿಯೇ ಸಿಂಗರಿಸಿಕೊಂಡಿದೆ, ಅಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಆತುರ ಬೇಡ. ಎರಡು ತಿರುವು ಒಳಗೆ ಹೋದರೆ ಅಲ್ಲಿನವರೇ ಉಣ್ಣುವ ಅಂಗಡಿಗಳಿವೆ. ಅವುಗಳ ನಡುವೆ ಮಹಾಮಸೀದಿಯೂ ಇದೆ. ಟಾಂಗ್ ಕಾಲದಲ್ಲಿ ಹುಟ್ಟಿತೆನ್ನುವ ಈ ಮಸೀದಿಯ ಈಗಿನ ಕಟ್ಟಡಗಳು ಬಹುಪಾಲು ಮಿಂಗ್ ಕಾಲದವು. ಗುಮ್ಮಟವಿಲ್ಲ, ನಮಗೆ ಪರಿಚಿತವಾದಂಥ ಮಿನಾರಿಲ್ಲ, ಒಂದರ ಹಿಂದೊಂದು ಅಂಗಳಗಳು, ಬಾಗಿದ ಸೂರಿನ ಮಂಟಪಗಳು. ಹೊರಗಿನ ಗದ್ದಲದಿಂದ ಒಳಗೆ ಕಾಲಿಟ್ಟರೆ ಹಕ್ಕಿಗಳ ದನಿ ಕೇಳಿಸುವಷ್ಟು ನಿಶ್ಶಬ್ದ.

ಇಲ್ಲಿ ಪಾವೊಮೊ ಎಂಬ ಊಟದ ಬಗ್ಗೆ ತುಸು ವಿವರವಾಗಿ ಹೇಳಬೇಕು. ಕುಳಿತೊಡನೆ ನಿಮ್ಮ ಮುಂದೆ ಬರುವುದು ಖಾಲಿ ಬಟ್ಟಲು ಮತ್ತು ಅರೆಬೆಂದಂತಿರುವ ಒಂದೆರಡು ಗಟ್ಟಿ ರೊಟ್ಟಿಗಳು. ಆ ರೊಟ್ಟಿಯನ್ನು ನೀವೇ ಕಡಲೆಕಾಳಿಗಿಂತ ದೊಡ್ಡದಾಗದಂತೆ ಚಿವುಟಿ ಬಟ್ಟಲು ತುಂಬಿಸಬೇಕು, ಆಮೇಲೆ ಅದು ಅಡುಗೆಮನೆಗೆ ಹೋಗಿ ಕುರಿಯ ಸಾರು, ಮಾಂಸ ಮತ್ತು ಶಾವಿಗೆಯೊಡನೆ ಕುದಿದು ಮರಳುತ್ತದೆ. ನಾನು ಹಸಿವಿನ ಅವಸರದಲ್ಲಿ ಹೆಬ್ಬೆರಳಿನಷ್ಟು ದಪ್ಪ ತುಂಡುಗಳನ್ನು ಮಾಡಿ ಕೊಟ್ಟಾಗ ಬಡಿಸುವಾಕೆ ಬಟ್ಟಲನ್ನು ಮಾತಿಲ್ಲದೆ ನನ್ನೆದುರಿಗೇ ಹಿಂದಕ್ಕೆ ಸರಿಸಿ, ಪಕ್ಕದ ಮೇಜಿನ ಅಜ್ಜನ ಕಡೆಗೆ ಬೆರಳು ತೋರಿಸಿದರು. ಅಜ್ಜ ರೊಟ್ಟಿ ಚಿವುಟುತ್ತಾ ಹರಟುತ್ತಿದ್ದರು, ಅರ್ಧ ಗಂಟೆಯಾದರೂ ಬಟ್ಟಲು ಅರ್ಧವೇ ತುಂಬಿತ್ತು. ತುಂಡು ದಪ್ಪವಾದರೆ ಸಾರು ಒಳಗಿಳಿಯುವುದಿಲ್ಲ ಎಂಬುದು ನನಗೆ ತಿಳಿದದ್ದು ಉಂಡ ಮೇಲೆ. ಜೊತೆಗೆ ಕೊಡುವ ಸಿಹಿಹುಳಿ ಬೆಳ್ಳುಳ್ಳಿ ಉಪ್ಪಿನಕಾಯಿಯನ್ನು ಬಿಡಬೇಡಿ.

ನನ್ನ ಜೊತೆಯಲ್ಲಿದ್ದ ಅಕ್ಕ ಮೊಟ್ಟೆಯನ್ನೂ ಮುಟ್ಟುವವರಲ್ಲ. ಅವರನ್ನು ಕಾಪಾಡಿದ್ದು ಲಿಯಾಂಗ್‌ಪಿ. ಗೋಧಿಹಿಟ್ಟನ್ನು ಕಲಸಿ, ನೀರಿನಲ್ಲಿ ತೊಳೆದು, ಇಳಿದ ಹಾಲನ್ನು ತೆಳ್ಳಗೆ ಹಬೆಯಲ್ಲಿ ಬೇಯಿಸಿ, ಪಟ್ಟಿಗಳಾಗಿ ಕತ್ತರಿಸಿ, ಸೌತೆಕಾಯಿ, ವಿನೆಗರ್, ಮೆಣಸಿನ ಎಣ್ಣೆ ಹಾಕಿ ತಣ್ಣಗೆ ಕೊಡುವ ತಿಂಡಿ ಇದು. ತೊಳೆದು ಉಳಿದ ಜಿಗುಟನ್ನೂ ಬೇಯಿಸಿ ಮೇಲೆ ಹಾಕುತ್ತಾರೆ. ನಮ್ಮಲ್ಲಿ ಗೋಧಿಹಾಲು ತೆಗೆದು ಹಲ್ವ ಮಾಡುವವರಿಗೆ ಈ ಕ್ರಮ ನೋಡಿದೊಡನೆ ಅರ್ಥವಾಗುತ್ತದೆ. ಹಿಟ್ಟನ್ನು ಕಲ್ಲಿಗೆ ಬಡಿದು ಬೆಲ್ಟಿನಷ್ಟು ಅಗಲಕ್ಕೆ ಎಳೆಯುವ ಬಿಯಾಂಗ್‌ಬಿಯಾಂಗ್ ನೂಡಲ್ಸನ್ನು ಮಾಂಸವಿಲ್ಲದೆ, ಮೆಣಸಿನ ಪುಡಿಯ ಮೇಲೆ ಕಾದ ಎಣ್ಣೆ ಸುರಿದು ಕೊಡುವಂತೆ ಕೇಳಬಹುದು. ಅಂಟಕ್ಕಿ ಮತ್ತು ಒಣ ಎಲಚಿಹಣ್ಣಿನ ಬಿಸಿ ಝೆಂಗ್‌ಗಾವೊ, ಹುಳಿಪ್ಲಮ್ಮಿನ ತಂಪು ಪಾನಕಗಳೂ ಇವೆ. ಆದರೆ ಸಸ್ಯಾಹಾರಿಗಳು ಉಚ್ಚಾರಣೆಯನ್ನು ನಂಬಬಾರದು. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಪ್ರಾಣಿಕೊಬ್ಬು ಯಾವುದೂ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿಕೊಂಡ ಚೀಟಿ ಕಿಸೆಯಲ್ಲಿರಲಿ. ಸಾರು ಎಂಬ ಪದ ಅದರಲ್ಲಿ ಇರಲೇಬೇಕು, ಏಕೆಂದರೆ ತುಂಡು ತೆಗೆದುಹಾಕಿದರೆ ಸಾಕೆಂದು ತಿಳಿಯುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಇನ್ನೊಂದು ಮಾತು, ರೊಟ್ಟಿಯೊಳಗೆ ಕೊಚ್ಚಿದ ಮಾಂಸ ತುಂಬಿದ ರೋಜಿಯಾಮೊ ಈ ಮುಸಲ್ಮಾನರ ಬೀದಿಯಲ್ಲಿ ದನ ಅಥವಾ ಕುರಿಯದು, ಹೊರಗಡೆ ಸಾಮಾನ್ಯವಾಗಿ ಹಂದಿಯದು. ಯಾವುದನ್ನು ಎಲ್ಲಿ ತಿನ್ನಬೇಕೆಂಬುದನ್ನು ನೀವೇ ನಿರ್ಧರಿಸಿಕೊಳ್ಳಿ.

ಎರಡನೆಯ ದಿನ ಪೂರ್ತಿ ಮಣ್ಣಿನ ಸೈನಿಕರಿಗೆ. ನಗರದಿಂದ ಪೂರ್ವಕ್ಕೆ 40 ಕಿಲೋಮೀಟರಿನಷ್ಟು ದೂರದ ಲಿಂಟಾಂಗ್‌ನಲ್ಲಿ 1974ರ ಮಾರ್ಚಿನಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕವರು ಇವರು. ಕ್ರಿಸ್ತಪೂರ್ವ 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿಯ ಸಮಾಧಿಯ ಕಾವಲಿಗೆಂದು ಮಾಡಿದ ಈ ಸೈನಿಕರು ಸುಮಾರು 8 ಸಾವಿರವೆಂದು ಅಂದಾಜು, ಮೇಲೆತ್ತಿರುವುದು ಅದರಲ್ಲೊಂದು ಪಾಲು ಮಾತ್ರ. ಮೆಟ್ರೋದ ಒಂಬತ್ತನೆಯ ಮಾರ್ಗದಲ್ಲಿ ಹುವಾಚಿಂಗ್‌ಚಿ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ಮೂರನೆಯ ಮತ್ತು ಎರಡನೆಯ ಹೊಂಡಗಳನ್ನು ಮೊದಲು ನೋಡಿ, 230 ಮೀಟರ್ ಉದ್ದದ ಒಂದನೆಯದನ್ನು ಕೊನೆಗೆ ಇಟ್ಟುಕೊಳ್ಳಿ, ಇಲ್ಲವಾದರೆ ಉಳಿದವು ಸಪ್ಪೆಯೆನಿಸುತ್ತವೆ. ಎಲ್ಲರೂ ಮುಂಭಾಗದ ಕಟಾಂಜನಕ್ಕೆ ಮುಗಿಬೀಳುವಾಗ ನೀವು ಹಿಂಭಾಗಕ್ಕೆ ನಡೆಯಿರಿ. ಅಲ್ಲಿ ತಲೆಯಿಲ್ಲದವರು, ತೋಳಿಲ್ಲದವರು, ಮೈಗೆ ಪಟ್ಟಿ ಬಿಗಿಸಿಕೊಂಡವರು ದುರಸ್ತಿಗೆ ಕಾದು ನಿಂತಿರುತ್ತಾರೆ. ಇವರೆಲ್ಲ ಒಂದು ಕಾಲಕ್ಕೆ ಬಣ್ಣ ಬಳಿದುಕೊಂಡವರು. ಬಣ್ಣದ ಅಡಿಯಲ್ಲಿದ್ದ, ಮರದ ರಸದಿಂದ ಮಾಡಿದ ಮೆರುಗಿನ ಪದರ ಮಣ್ಣಿನಿಂದ ಹೊರಬಂದು ಒಣಗಾಳಿ ತಗುಲಿದ ಕೆಲವೇ ನಿಮಿಷಗಳಲ್ಲಿ ಸುರುಟಿ ಉದುರುತ್ತದೆ. ಅವಸರದಿಂದ ಅಗೆಯದಿರಲು, ಚಕ್ರವರ್ತಿಯ ಸಮಾಧಿಯ ದಿಬ್ಬವನ್ನು ಇಂದಿಗೂ ತೆರೆಯದಿರಲು ಇಂಥ ಕಾರಣಗಳೂ ಇವೆ. ಗಾಜಿನ ಪೆಟ್ಟಿಗೆಯಲ್ಲಿರುವ ಮಂಡಿಯೂರಿದ ಬಿಲ್ಲುಗಾರನ ಹಿಂದೆ ಬಗ್ಗಿ ನೋಡಿ, ಅವನ ಪಾದರಕ್ಷೆಯ ಅಟ್ಟೆಯಲ್ಲಿ ಹೊಲಿಗೆಯ ಸಾಲುಗಳೂ ಕಾಣುತ್ತವೆ.

ಮೂರನೆಯ ದಿನ ಕೋಟೆಯ ದಕ್ಷಿಣಕ್ಕೆ. ಶಾನ್‌ಶಿ ಇತಿಹಾಸ ಸಂಗ್ರಹಾಲಯಕ್ಕೆ ಮುಂಗಡ ಕಾಯ್ದಿರಿಸದೆ ಹೋದರೆ ಬಾಗಿಲಿನಿಂದಲೇ ಹಿಂದಿರುಗಬೇಕಾದೀತು, ಸೋಮವಾರ ಅದು ಮುಚ್ಚಿರುತ್ತದೆ. ಅದಕ್ಕೆ ಹತ್ತಿರದಲ್ಲೇ ದೊಡ್ಡ ಕಾಡು ಹೆಬ್ಬಾತಿನ ಪಗೋಡ ಇದೆ. ನಾವು ಶಾಲೆಯಲ್ಲಿ ಹ್ಯೂಯೆನ್‌ತ್ಸಾಂಗ್ ಎಂದು ಓದಿದ ಭಿಕ್ಷು 645ರಲ್ಲಿ ಭಾರತದಿಂದ ಮರಳಿ, ತಾನು ತಂದ ಗ್ರಂಥಗಳನ್ನೂ ವಿಗ್ರಹಗಳನ್ನೂ ಕಾಪಿಡಲು 652ರಲ್ಲಿ ಕಟ್ಟಿಸಿದ್ದು ಇದು. ಈಗಿರುವ ಏಳು ನೆಲೆಯ, 64 ಮೀಟರ್ ಎತ್ತರದ ಇಟ್ಟಿಗೆಯ ರೂಪ ಆಮೇಲಿನದು. ಬಾದಾಮಿಯ ಇಮ್ಮಡಿ ಪುಲಿಕೇಶಿಯ ನಾಡನ್ನು ಹಾದುಹೋದ ಈತ, ಹರ್ಷನಿಗೂ ಮಣಿಯದ ಆ ನಾಡಿನ ಜನರ ಬಗೆಗೆ, ಯುದ್ಧಕ್ಕೆ ಮುಂಚೆ ಮದ್ಯ ಕುಡಿಸುವ ಆನೆಗಳ ಬಗೆಗೆ, ಸೋತ ದಳಪತಿಗೆ ಹೆಂಗಸಿನ ಉಡುಪು ಕೊಡುವ ಪದ್ಧತಿಯ ಬಗೆಗೆ ಬರೆದಿಟ್ಟಿದ್ದಾನೆ. ಪಗೋಡದ ಮುಂದಿನ ಚೌಕದಲ್ಲಿ ದಂಡ ಹಿಡಿದು ನಿಂತ ಆತನ ಕಂಚಿನ ಪ್ರತಿಮೆಯಿದೆ. ಅಕ್ಕ ಅದರ ಮುಂದೆ ನಿಂತು, ಇವರು ನಮ್ಮ ಕಡೆಗೂ ಬಂದಿದ್ದರಲ್ಲವೇ ಎಂದು ಪರಿಚಯದವರನ್ನು ಕಂಡಂತೆ ಕೇಳಿದರು.

ಆ ಸಂಜೆಗೆ ಯಾವ ಯೋಜನೆಯನ್ನೂ ಇಟ್ಟುಕೊಳ್ಳಬೇಡಿ. ನಾವು ಮತ್ತೆ ನಗಾರಿಗೋಪುರದ ಹಿಂದಿನ ಓಣಿಗೆ ಹೋದೆವು. ಅಕ್ಕ ಮೂರನೆಯ ಸಲ ಲಿಯಾಂಗ್‌ಪಿ ತೆಗೆದುಕೊಂಡು, ಕೈಚೀಲದಿಂದ ಮನೆಯ ನಿಂಬೆಕಾಯಿ ಉಪ್ಪಿನಕಾಯಿ ತೆಗೆದು ಬದಿಗಿಟ್ಟುಕೊಂಡರು. ನಾನು ರೊಟ್ಟಿ ಚಿವುಟಲು ಕುಳಿತೆ. ಈ ಬಾರಿ ಮುಕ್ಕಾಲು ಗಂಟೆ ಹಿಡಿಯಿತು, ಬಟ್ಟಲು ಹಿಂದಕ್ಕೆ ಬರಲಿಲ್ಲ.

ನಮಸ್ಕಾರ.