ಲೊಮಾಚೆಂಕೊ ಎಷ್ಟು ದೊಡ್ಡ ಬಾಕ್ಸರ್? ಮೊದಲು ಹೇಳಿ, ಯಾವ ತೂಕದಲ್ಲಿ?

[ಪರದೆ ಮೇಲೆ ಎರಡೇ ಸಾಲು: 396–1. ಅದರ ಕೆಳಗೆ 18–3.]

ಗೆಲುವು ಎಷ್ಟು, ಸೋಲು ಎಷ್ಟು ಅಂತ. ಮೇಲಿನದು ಅಮೆಚೂರ್ ಲೆಕ್ಕ, ಕೆಳಗಿನದು ಪ್ರೊಫೆಷನಲ್ ಲೆಕ್ಕ. ಎರಡೂ ಒಬ್ಬನದ್ದೇ. ಉಕ್ರೇನಿನ ವಾಸಿಲ್ ಲೊಮಾಚೆಂಕೊ 2025ರ ಜೂನ್‌ನಲ್ಲಿ ನಿವೃತ್ತಿ ಹೇಳಿದ. ಬಾಕ್ಸಿಂಗ್ ನೋಡೋರು ಇವತ್ತಿಗೂ ಎರಡು ಪಂಗಡ. ‘ಇವನಂಥವನು ಇನ್ನೊಬ್ಬ ಹುಟ್ಟಿಲ್ಲ’ ಅನ್ನೋರು ಒಂದು ಕಡೆ, ‘ಬರೀ ಹವಾ’ ಅನ್ನೋರು ಇನ್ನೊಂದು ಕಡೆ. ಇಬ್ಬರೂ ಒಂದು ವಿಷಯ ಮರೀತಾರೆ. ಇವನು ಮೂರು ತೂಕದಲ್ಲಿ ಚಾಂಪಿಯನ್ ಆದವನು, ಮೂರು ಕಡೆಯೂ ಕಥೆ ಬೇರೆ ಬೇರೆ.

126, 130, 135 ಪೌಂಡ್. ಕೆಜಿ ಲೆಕ್ಕದಲ್ಲಿ ಹೆಚ್ಚು ಕಡಿಮೆ 57, 59, 61. ‘ಎರಡೆರಡು ಕೆಜಿ ತಾನೇ, ನಾಲ್ಕು ಮದುವೆ ಊಟ ಮುಗಿಸಿದ್ರೆ ಬರುತ್ತೆ’ ಅಂತ ನಗಬೇಡಿ. ಬೊಜ್ಜೇ ಇಲ್ಲದ ಮೈಯಲ್ಲಿ ಎರಡು ಕೆಜಿ ಅಂದ್ರೆ ಎದುರಾಳಿಯ ಹೆಗಲು, ತೋಳಿನ ಉದ್ದ, ಏಟಿನ ಭಾರ ಎಲ್ಲ ಬದಲಾಯ್ತು ಅಂತ.

ಅಮೆಚೂರ್ ಸಾಧನೆಯನ್ನ ಪಕ್ಕಕ್ಕಿಡ್ತೀನಿ. 2008 ಬೀಜಿಂಗ್, 2012 ಲಂಡನ್, ಎರಡೂ ಕಡೆ ಒಲಿಂಪಿಕ್ ಚಿನ್ನ. ಬೀಜಿಂಗ್‌ನಲ್ಲಿ ನಮ್ಮ ವಿಜೇಂದರ್‌ಗೆ ಕಂಚು ಬಂತಲ್ಲ, ಆ ಕೂಟದ ಶ್ರೇಷ್ಠ ಬಾಕ್ಸರ್ ಅಂತ ಪ್ರಶಸ್ತಿ ತಗೊಂಡಿದ್ದು ಇವನೇ. ಅಲ್ಲಿ ವಾದವೇ ಇಲ್ಲ.

[ದೃಶ್ಯ: ತೂಕದ ಯಂತ್ರ]

126 ಪೌಂಡ್, ಫೆದರ್‌ವೇಟ್. ಪ್ರೊಫೆಷನಲ್ ಆಗಿ ಎರಡನೇ ಫೈಟಿಗೇ ವಿಶ್ವ ಪಟ್ಟಕ್ಕೆ ಕೈ ಹಾಕಿದ. 2014ರ ಮಾರ್ಚ್, ಸ್ಯಾನ್ ಆಂಟೋನಿಯೊ. ಎದುರಿಗೆ ಮೆಕ್ಸಿಕೊದ ಒರ್ಲಾಂಡೊ ಸಾಲಿಡೊ, ಪಳಗಿದ ಹುಲಿ. ಸಾಲಿಡೊ ತೂಕ ಇಳಿಸದೆ ಪಟ್ಟವನ್ನ ತಕ್ಕಡಿ ಮೇಲೇ ಕಳ್ಕೊಂಡ, ಆಮೇಲೆ ದಪ್ಪಗಾಗಿ ರಿಂಗಿಗೆ ಬಂದು ಸೊಂಟದ ಕೆಳಗೆಲ್ಲ ಬಾರಿಸಿ ಗೆದ್ದ. ಮೂರನೇ ಫೈಟಿನಲ್ಲಿ ಗ್ಯಾರಿ ರಸೆಲ್‌ನ ಸೋಲಿಸಿ ಲೊಮಾಚೆಂಕೊ ಪಟ್ಟ ಹಿಡಿದ. ಅಷ್ಟು ಬೇಗ ಪಟ್ಟ ಹಿಡಿದ ದಾಖಲೆಗೆ ಸಮ, ಸರಿ. ಆದ್ರೆ ಇದು 229 ಫೈಟ್ ಗೆದ್ದ ವಿಲ್ಲಿ ಪೆಪ್‌ನ ಮನೆ. ಸ್ಯಾಂಡಿ ಸ್ಯಾಡ್ಲರ್, ಸಾಲ್ವಡಾರ್ ಸ್ಯಾಂಚೆಜ್ ಇರೋ ಮನೆ. ಇಲ್ಲಿ ಇವನು ನೆಂಟ.

130ನ್ನ ಕೊನೆಗೆ ಇಟ್ಕೊಳ್ತೀನಿ, 135ಕ್ಕೆ ಬನ್ನಿ. 2018ರ ಮೇ, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಆರನೇ ಸುತ್ತಲ್ಲಿ ಚಾಂಪಿಯನ್ ಹೊರ್ಹೆ ಲಿನಾರೆಸ್‌ನ ಏಟಿಗೆ ಲೊಮಾಚೆಂಕೊ ನೆಲ ಕಂಡ. ಹತ್ತನೇ ಸುತ್ತಲ್ಲಿ ಪಕ್ಕೆಗೆ, ಸರಿಯಾಗಿ ಲಿವರ್ ಮೇಲೆ, ಒಂದು ಎಡಗೈ ಏಟು. ಲಿನಾರೆಸ್ ಮುದುಡಿ ಕೂತ. 12 ಫೈಟಿಗೆ ಮೂರು ತೂಕದ ಪಟ್ಟ, ಇಷ್ಟು ಬೇಗ ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಅದೇ ರಾತ್ರಿ ಬಲ ಭುಜವೂ ಹರೀತು.

ಆಮೇಲಿನದು ಏರುಪೇರು. 2020ರಲ್ಲಿ ಟಿಯೊಫಿಮೊ ಲೋಪೆಜ್ ಎದುರು ಅರ್ಧ ಫೈಟು ಏಟು ಹಾಕೋಕೆ ಕೈಯನ್ನೇ ಎತ್ತದೆ ಸೋತ. ಅಭಿಮಾನಿಗಳು ಭುಜದ ನೆಪ ಹೇಳ್ತಾರೆ, ನಾನು ಒಪ್ಪಲ್ಲ, ಕಾದದ್ದು ಅವನ ತಪ್ಪೇ. 2022ರಲ್ಲಿ ಯುದ್ಧ ಬಂತು. ಆಗಿನ ಚಾಂಪಿಯನ್ ಕಂಬೋಸೊಸ್ ಜೊತೆಗಿನ ದೊಡ್ಡ ಫೈಟ್ ಬಿಟ್ಟು ಊರು ಕಾಯೋಕೆ ಸಮವಸ್ತ್ರ ತೊಟ್ಟ. ಆ ಅವಕಾಶ ಡೆವಿನ್ ಹೇನಿಗೆ ಹೋಯ್ತು, ಪಟ್ಟದ ಬೆಲ್ಟುಗಳೂ ಅವನಿಗೇ ಹೋದವು. 2023ರಲ್ಲಿ ಹೇನಿ ಎದುರು ಸೋಲು ಅಂದ್ರು. ಹೇನಿ ಕಡೆಗೆ ಇಬ್ಬರು ತೀರ್ಪುಗಾರರ ಅಂಕ 115–113, ಒಬ್ಬರದ್ದು 116–112. ನನ್ನ ಎಣಿಕೆಯಲ್ಲಿ ಲೊಮಾಚೆಂಕೊ ಗೆದ್ದಿದ್ದ. ಆದ್ರೂ ರಾಬರ್ಟೊ ಡುರಾನ್, ಬೆನ್ನಿ ಲಿಯೊನಾರ್ಡ್, ಪರ್ನೆಲ್ ವಿಟೇಕರ್‌ರಂಥ ಈ ತೂಕದ ದಿಗ್ಗಜರು ಇರೋ ಸಾಲಲ್ಲಿ ಮೊದಲ ಹದಿನೈದರೊಳಗೆ ಇವನನ್ನ ಕೂರಿಸೋಕೆ ನನಗೆ ಕೈ ಬರಲ್ಲ.

[ದೃಶ್ಯ: ಕಾಲುಗಳು ಮಾತ್ರ, ನಿಧಾನಗತಿಯಲ್ಲಿ]

ಈಗ 130. ಕಾಲು ನೋಡಿ. ಎಡಗೈಯವನು, ಬಲಗಾಲನ್ನ ಎದುರಾಳಿಯ ಎಡಗಾಲಿನ ಹೊರಗೆ ಇಡ್ತಾನೆ, ಅದರ ಮೇಲೇ ತಿರುಗ್ತಾನೆ. ಎದುರಾಳಿ ಹೊಡೆದ ಜಾಗ ಖಾಲಿ, ಇವನು ಅವನ ಹೆಗಲ ಪಕ್ಕ. ಹುಡುಗನಾಗಿದ್ದಾಗ ಬಾಕ್ಸಿಂಗ್ ಬಿಡಿಸಿ ಜನಪದ ನೃತ್ಯಕ್ಕೆ ಹಾಕಿದ್ದು ಅವನಪ್ಪ ಅನತೋಲಿ, ಕೋಚ್ ಕೂಡ ಅವರೇ. ಅದರ ಫಲ ಇದು.

ವಾಲ್ಟರ್ಸ್, ಸೋಸಾ, ಮರಿಯಾಗ, ರಿಗೊಂಡೊ. ಸಾಲಾಗಿ ನಾಲ್ವರು. ಯಾರೂ ಬಿದ್ದು, ರೆಫರಿ ಹತ್ತು ಎಣಿಸಿ ಸೋಲಲಿಲ್ಲ. ಸುತ್ತು ಮುಗಿದ ಮೇಲೆ ಅವರೇ ಅಥವಾ ಅವರ ಕಡೆಯವರೇ ‘ಸಾಕು’ ಅಂದ್ರು. ಸ್ಪ್ಯಾನಿಷ್‌ನಲ್ಲಿ ‘ನೋ ಮಾಸ್’ ಅಂದ್ರೆ ಇನ್ನು ಬೇಡ. ತಮಾಷೆಗೆ ಅವನೇ ತನ್ನ ಹೆಸರನ್ನ ‘ನೋಮಾಸ್‌ಚೆಂಕೊ’ ಅಂದ್ಕೊಂಡ.

ಆದ್ರೆ ರಿಗೊಂಡೊ 122ರಿಂದ ಹತ್ತಿ ಬಂದವನು. ಮರಿಯಾಗನೂ ಕೆಳಗಿನ ತೂಕದವನೇ. ಲೊಮಾಚೆಂಕೊ ಇಲ್ಲಿ ಗೆದ್ದದ್ದು ಒಟ್ಟು ಐದು ಫೈಟು, ಎರಡು ವರ್ಷಕ್ಕೂ ಕಡಿಮೆ. ಫಿಲಿಪ್ಪೀನ್ಸ್‌ನ ಫ್ಲ್ಯಾಶ್ ಎಲೊರ್ಡೆ ಇದೇ ಪಟ್ಟವನ್ನ 1960ರಿಂದ ಏಳು ವರ್ಷ ಇಟ್ಕೊಂಡಿದ್ದ. ಮೇವೆದರ್ 2001ರಲ್ಲಿ ಅಜೇಯ ಕೊರಾಲೆಸ್‌ನ ಐದು ಸಲ ಕೆಡವಿದ್ದು ಇಲ್ಲೇ.

ಹಾಗಾಗಿ 130ರಲ್ಲಿ ಸಾರ್ವಕಾಲಿಕ ಶ್ರೇಷ್ಠರ ನನ್ನ ಪಟ್ಟಿ: ಮೇವೆದರ್, ಆರ್ಗ್ವೆಯೊ, ಚಾವೆಜ್, ಎಲೊರ್ಡೆ, ಅಜುಮಾ ನೆಲ್ಸನ್. ಆರನೇ ಜಾಗ ಲೊಮಾಚೆಂಕೊಗೆ. ಬರೀ ಆಟ ನೋಡಿ ಹೇಳು ಅಂದ್ರೆ ಮೊದಲ ಮೂರರಲ್ಲಿ. ಅದೇ ತೂಕಕ್ಕೆ ಬೇರೆ ಸಂಸ್ಥೆಗಳು ಕೊಡೋ ಬೆಲ್ಟುಗಳು 2017ರಲ್ಲಿ ಬೆರ್ಚೆಲ್ಟ್, ಜೆರ್ವಾಂಟಾ ಡೇವಿಸ್ ಸೊಂಟದಲ್ಲಿದ್ದವು. ಇನ್ನೊಂದು ವರ್ಷ ಅಲ್ಲೇ ನಿಂತು ಅವರಿಬ್ಬರನ್ನೂ ಮುಗಿಸಿದ್ದಿದ್ರೆ, ಎಲೊರ್ಡೆಯನ್ನ ಸ್ವಲ್ಪ ಸರೀರಿ ಅಂತ ಕೇಳೋಕೆ ನನಗೆ ಸಂಕೋಚ ಇರ್ತಿರಲಿಲ್ಲ.