ಕಂಪನಿ ಮಾಲು

ಕೇಳುಗರೇ, ನಮಸ್ಕಾರ.

ಹೋದ ತಿಂಗಳು ಬೆಂಗಳೂರಿನ ಎಸ್.ಪಿ. ರಸ್ತೆಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕಿಕೊಂಡು ಹೋಗಿದ್ದೆ. ಅಂಗಡಿಯವರು ಒಂದು ಕಪ್ಪು ಥಿಂಕ್‌ಪ್ಯಾಡ್ ತೋರಿಸಿದರು. ಕೀಬೋರ್ಡ್ ನಡುವೆ ಅದೇ ಕೆಂಪು ಚುಕ್ಕಿ. ತಿರುಗಿಸಿದರೆ ತಳದಲ್ಲಿ ಅರ್ಧ ಕಿತ್ತ ಬಾರ್‌ಕೋಡ್ ಚೀಟಿ. "ಕಂಪನಿ ಮಾಲು ಸಾರ್, ಮೂರೇ ವರ್ಷ ಓಡಿರೋದು" ಅಂದರು. ಅಂದರೆ ಯಾವುದೋ ಕಂಪನಿಯ ಆಫೀಸಿನಲ್ಲಿ ಬಳಸಿ ಬಿಟ್ಟದ್ದು.

ನಾವು ನೀವು ಕಂಪ್ಯೂಟರ್ ಕೆಟ್ಟರೆ ಮಾತ್ರ ಹೊಸದು ತರುತ್ತೇವೆ, ಅಲ್ವಾ? ಕಂಪನಿಗಳು ಹಾಗಲ್ಲ. ವಾರಂಟಿ ಮುಗಿಯಿತು ಅಂದರೆ ಸಾವಿರಗಟ್ಟಲೆ ಒಟ್ಟಿಗೇ ಬದಲಾಯಿಸುತ್ತವೆ. ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ನ ಕೈಬಿಟ್ಟರಂತೂ, ಅಂದರೆ ಅದಕ್ಕೆ ಸುರಕ್ಷತೆಯ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದರಂತೂ, ಕೇಳುವುದೇ ಬೇಡ. 2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿ, 2020ರ ಜನವರಿಯಲ್ಲಿ ವಿಂಡೋಸ್ 7, 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10. ಆ ತಾರೀಕುಗಳ ಆಸುಪಾಸು ಪಿಸಿ ಮಾರುವವರಿಗೆ ಸುಗ್ಗಿ.

ಸುಗ್ಗಿಯೇನೋ ಸರಿ, ಕಣದಲ್ಲಿ ಉಳಿಯುವ ಕಾಳು ಕಡಿಮೆ. 100 ರೂಪಾಯಿ ಪಿಸಿ ವ್ಯಾಪಾರದಲ್ಲಿ ಎಚ್‌ಪಿಯಂಥ ದೊಡ್ಡ ಕಂಪನಿಗೂ ಖರ್ಚು ಕಳೆದು ಉಳಿಯುವುದು ಐದಾರು ರೂಪಾಯಿ. ಮೈಕ್ರೋಸಾಫ್ಟ್‌ಗೆ ತನ್ನ ವ್ಯಾಪಾರದಲ್ಲಿ 100ಕ್ಕೆ 40ಕ್ಕಿಂತ ಜಾಸ್ತಿ!

ಇದರ ಬೇರು ಇರುವುದು 1981ರಲ್ಲಿ. ಐಬಿಎಂ ತನ್ನ ಮೊದಲ ಪಿಸಿಗೆ ಚಿಪ್ಪನ್ನು ಇಂಟೆಲ್‌ನಿಂದ, ಸಾಫ್ಟ್‌ವೇರನ್ನು ಮೈಕ್ರೋಸಾಫ್ಟ್‌ನಿಂದ ತಂದಿತು. ಅವೆರಡೂ ಬೇರೆಯವರಿಗೂ ಸಿಗುತ್ತಿದ್ದವು. ಅಂಥದೇ ಡಬ್ಬವನ್ನು ಉಳಿದವರೂ ಜೋಡಿಸಿದರು. ಆಮೇಲೆ ಬರೀ ಬೆಲೆ ಇಳಿಸುವ ಜಿದ್ದು. ಥಿಂಕ್‌ಪ್ಯಾಡ್‌ನಂಥ ಒಳ್ಳೆ ಮಾಲು ಕೈಯಲ್ಲಿದ್ದೂ ಐಬಿಎಂ ನಷ್ಟ ಅನುಭವಿಸಿತು. 2005ರಲ್ಲಿ ಆ ವಿಭಾಗವನ್ನೇ ಚೀನಾದ ಲೆನೊವೊಗೆ ಕೊಟ್ಟು ಕೈತೊಳೆದುಕೊಂಡಿತು.

2011ರ ಆಗಸ್ಟ್‌ನಲ್ಲಿ ಎಚ್‌ಪಿಯೂ ಪಿಸಿ ಬಿಡುವ ಮಾತಾಡಿತು. ಲೆಕ್ಕ ಹಾಕಿ ನೋಡಿ ಅಕ್ಟೋಬರ್‌ನಲ್ಲೇ ಬೇಡ ಅಂದಿತು. ಪಿಸಿಗೆಂದು ರಾಶಿ ರಾಶಿ ಬಿಡಿಭಾಗ ಕೊಳ್ಳುವುದರಿಂದಲೇ ಅದರ ಉಳಿದ ವ್ಯಾಪಾರಕ್ಕೂ ಮಾಲು ಅಗ್ಗ. ಬಿಟ್ಟರೆ ಅದೂ ತುಟ್ಟಿ!

ಹಾಗಾದರೆ ಕಂಪನಿ ಆರ್ಡರಿಗೆ ಇಷ್ಟೊಂದು ಪೈಪೋಟಿ ಯಾಕೆ? ಸಾವಿರ ಲ್ಯಾಪ್‌ಟಾಪ್ ಕೊಳ್ಳುವವರು ಸಾವಿರ ಮಾನಿಟರ್ ಕೊಳ್ಳುತ್ತಾರೆ. ಲ್ಯಾಪ್‌ಟಾಪನ್ನು ಮಾನಿಟರ್, ಕೀಬೋರ್ಡ್‌ಗೆಲ್ಲ ಒಟ್ಟಿಗೇ ಜೋಡಿಸುವ ಡಾಕ್ ಬೇಕು, ಹೆಡ್‌ಸೆಟ್ ಬೇಕು, ಕೆಟ್ಟರೆ ಆಫೀಸಿಗೇ ಬಂದು ರಿಪೇರಿ ಮಾಡಲು ಮೂರು ವರ್ಷದ ಕರಾರು ಬೇಕು. ಡಬ್ಬದಲ್ಲಿ ಬಿಟ್ಟ ದುಡ್ಡನ್ನು ಅಲ್ಲಿ ಹಿಡಿಯುತ್ತಾರೆ.

ಅಂದಹಾಗೆ, ಥಿಂಕ್‌ಪ್ಯಾಡ್‌ಗೆ ಚೌಕಾಸಿ ಮಾಡಿದೆ. ಸಾವಿರ ರೂಪಾಯಿ ಸುಮ್ನೆ ಇಳಿಸಿದರು. ಚಾರ್ಜರು, ಬ್ಯಾಗಿಗೆ ಮಾತ್ರ ಹತ್ತು ರೂಪಾಯಿಯೂ ಬಿಡಲಿಲ್ಲ. "ಅದರಲ್ಲೇ ಸಾರ್ ನಮ್ಗೆ ಸಿಗೋದು" ಅಂದರು.